ಎಸ್ತರಳ ಸುಖಾಂತಕ್ಕೆ ಬೆಲೆ ತೆತ್ತವರು ಯಾರು?

ಯಹೂದಿ ಧರ್ಮಗ್ರಂಥದಲ್ಲಿ ಎಸ್ತರ್ ಎಂಬ ಹೆಣ್ಣುಮಗಳ ಕಥೆಯಿದೆ. ಪರ್ಷಿಯಾದ ಅರಸನ ಕೈಹಿಡಿದ ಆಕೆ ತಾನು ಯಹೂದಿ ಎಂಬುದನ್ನು ಅರಮನೆಯಲ್ಲಿ ಯಾರಿಗೂ ಹೇಳಿರುವುದಿಲ್ಲ. ಮಂತ್ರಿ ಹಾಮಾನ ರಾಜ್ಯದ ಯಹೂದಿಗಳನ್ನೆಲ್ಲ ಕೊಲ್ಲಿಸಲು ಹೊರಟಾಗ ಅವಳು ಔತಣದ ಹೊತ್ತಿನಲ್ಲಿ ಅರಸನ ಎದುರು ಆ ಗುಟ್ಟನ್ನು ಬಿಚ್ಚಿಟ್ಟು ತನ್ನ ಜನರನ್ನು ಉಳಿಸಿಕೊಳ್ಳುತ್ತಾಳೆ. ಪೂರಿಮ್ ಹಬ್ಬದಂದು ಈ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಮಕ್ಕಳು ವೇಷ ಹಾಕುತ್ತಾರೆ, ಹಾಮಾನನ ಹೆಸರು ಬಂದಾಗಲೆಲ್ಲ ಅದು ಕಿವಿಗೆ ಬೀಳದಂತೆ ಗದ್ದಲ ಎಬ್ಬಿಸುತ್ತಾರೆ.

ಎಸ್ತರಳನ್ನು ನೆನೆಯುವ ಎರಡು ಪುಸ್ತಕಗಳು ಒಂದು ವರ್ಷದ ಅಂತರದಲ್ಲಿ ಅಮೆರಿಕದಲ್ಲಿ ಪ್ರಕಟವಾದವು. 2013ರಲ್ಲಿ ಬಂದದ್ದು ‘ದ ಪೂರಿಮ್ ಸೂಪರ್‌ಹೀರೋ’ ಎಂಬ ಚಿತ್ರಪುಸ್ತಕ. ಅದರ ಪುಟ್ಟ ನಾಯಕ ನೇಟ್‌ಗೆ ಇಬ್ಬರು ತಂದೆಯರು. 2014ರಲ್ಲಿ ಬಂದದ್ದು ಕ್ರೈಸ್ತ ಓದುಗರನ್ನು ಉದ್ದೇಶಿಸಿ ಬರೆದ ಒಂದು ಪ್ರೇಮ ಕಾದಂಬರಿ. ಅದರ ಯಹೂದಿ ನಾಯಕಿಯ ಹೆಸರು ಹದಸ್ಸಾ, ಎಂದರೆ ಎಸ್ತರಳ ಹೀಬ್ರೂ ಹೆಸರು.

ಆ ಕಾದಂಬರಿ ನಡೆಯುವುದು ಇಂದಿನ ಚೆಕ್ ದೇಶದಲ್ಲಿರುವ ಟೆರೇಜಿನ್‌ನ ನಾಜಿ ಶಿಬಿರದಲ್ಲಿ. ನಾಯಕ ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿ, ಅದೇ ಶಿಬಿರದ ಮುಖ್ಯಸ್ಥ. ಟೆರೇಜಿನ್‌ಗೆ ನಾಜಿಗಳು ಸುಮಾರು 1,40,000 ಯಹೂದಿಗಳನ್ನು ತಂದು ತುಂಬಿದರು. ಅವರಲ್ಲಿ ಸುಮಾರು 33,000 ಮಂದಿ ಅಲ್ಲಿಯೇ ಸತ್ತರು, ಸುಮಾರು 88,000 ಮಂದಿಯನ್ನು ರೈಲು ಹತ್ತಿಸಿ ಸಾವಿನ ಶಿಬಿರಗಳಿಗೆ ಕಳುಹಿಸಲಾಯಿತು. ಅಂಥ ಜಾಗದ ಒಡೆಯನನ್ನು ಕಾದಂಬರಿ ಪ್ರೇಮಿಯನ್ನಾಗಿ ಮಾಡುತ್ತದೆ, ಪಾಪವಿಮೋಚನೆಗೆ ಅರ್ಹನನ್ನಾಗಿಯೂ ಮಾಡುತ್ತದೆ. ನಾಯಕಿ ಕೊನೆಯ ಹೊತ್ತಿಗೆ ಕ್ರಿಸ್ತನ ಕಡೆ ತಿರುಗುತ್ತಾಳೆ. ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಎಂಬ ಲೇಖಕರ ಸಂಘ ಕೊಡುತ್ತಿದ್ದ ರೀಟಾ ಪ್ರಶಸ್ತಿಗೆ 2015ರಲ್ಲಿ ಈ ಪುಸ್ತಕ ಒಂದಲ್ಲ, ಎರಡು ವಿಭಾಗಗಳಲ್ಲಿ ಅಂತಿಮ ಸುತ್ತಿಗೆ ಬಂದಿತ್ತು. ಪ್ರಶಸ್ತಿ ಬರಲಿಲ್ಲ. ಆದರೆ ಅದಕ್ಕೆ ಅಂಕ ಕೊಟ್ಟ ಸಹಲೇಖಕರಿಗೆ ಅಲ್ಲಿ ಏನೂ ತಪ್ಪು ಕಾಣದೆ ಹೋದದ್ದೇ ಯಹೂದಿ ಓದುಗರಿಗೆ ಆದ ದೊಡ್ಡ ಆಘಾತ. ವಿಮರ್ಶಕಿ ಸಾರಾ ವೆಂಡೆಲ್ ಆ ವರ್ಷ ಆಗಸ್ಟ್‌ನಲ್ಲಿ ಸಂಘಕ್ಕೆ ಬರೆದ ಬಹಿರಂಗ ಪತ್ರದ ನಂತರವೇ ವಿಷಯ ದೊಡ್ಡದಾಯಿತು.

ಅಂಕ ಕೊಟ್ಟವರಿಗೆ ಅದು ಏಕೆ ಕಾಣಲಿಲ್ಲ? ಸಂಘದ ವ್ಯಾಖ್ಯೆಯ ಪ್ರಕಾರ ರೊಮ್ಯಾನ್ಸ್ ಕಾದಂಬರಿಗೆ ಎರಡೇ ಲಕ್ಷಣ: ಕಥೆಯ ಕೇಂದ್ರದಲ್ಲಿ ಪ್ರೇಮ ಇರಬೇಕು, ಮುಕ್ತಾಯ ಮನಸ್ಸಿಗೆ ತೃಪ್ತಿ ಕೊಡುವಂತೆ, ಭರವಸೆ ಮೂಡಿಸುವಂತೆ ಇರಬೇಕು. ಈ ಪುಸ್ತಕದಲ್ಲಿ ಎರಡೂ ಇದ್ದವು. ಯಹೂದಿ ನಾಯಕಿಯೂ ಇದ್ದಳು, ಅವಳ ಜನರ ಸಂಕಟವೂ ಇತ್ತು, ಧರ್ಮಗ್ರಂಥದ ಉಲ್ಲೇಖಗಳೂ ಇದ್ದವು. ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದ್ದರೆ ಎಲ್ಲರೂ ಇದ್ದೇವೆ ಎನ್ನುತ್ತಿದ್ದರು. ಆದರೆ ಹದಸ್ಸಾಳಿಗೆ ಆ ಸುಖ ಸಿಕ್ಕಿದ್ದು ಅವಳು ಹದಸ್ಸಾ ಆಗಿರುವುದನ್ನು ಬಿಟ್ಟುಕೊಟ್ಟ ಮೇಲೆ. ಮೂಲ ಎಸ್ತರ್ ತನ್ನ ಹೆಸರನ್ನು ಹೇಳಿಕೊಂಡು ತನ್ನವರನ್ನು ಉಳಿಸಿದಳು. ಈ ಎಸ್ತರ್ ತನ್ನನ್ನು ಕೊಲ್ಲಲು ಬಂದವರ ನಂಬಿಕೆಗೆ ತನ್ನನ್ನೇ ಒಪ್ಪಿಸಿ ಸುಖ ಪಡೆದಳು. ಯೂರೋಪಿನ ಯಹೂದಿಗಳಿಗೆ ನೂರಾರು ವರ್ಷ ಬಲವಂತದ ಮತಾಂತರ ಮತ್ತು ಸಾವು ಎಂಬ ಎರಡೇ ಆಯ್ಕೆಗಳನ್ನು ಮತ್ತೆ ಮತ್ತೆ ಮುಂದಿಟ್ಟ ಚರಿತ್ರೆ ಗೊತ್ತಿದ್ದವರಿಗೆ ಆ ಕೊನೆಯ ಪುಟಗಳು ಓದಲಾಗದಷ್ಟು ಭಾರವಾಗಿದ್ದವು.

ಹಾಗಾಗಿ ಯಹೂದಿ ಅಥವಾ ಕ್ವಿಯರ್ (ಸಲಿಂಗಿ, ಉಭಯಲಿಂಗ ಪ್ರೇಮಿ ಮೊದಲಾದ) ಪಾತ್ರವಿರುವ ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಈ ಪಾತ್ರಕ್ಕೆ ಸುಖ ಕೊಡುವ ಮುನ್ನ ಪುಸ್ತಕ ಅದರಿಂದ ಏನನ್ನು ಕಿತ್ತುಕೊಂಡಿತು? ಪಾತ್ರಗಳು ಎಷ್ಟಿವೆ, ಯಾವ ಪುಟದಲ್ಲಿ ‘ಸಲಿಂಗಿ’ ಎಂಬ ಮಾತು ಬರುತ್ತದೆ, ಎಷ್ಟು ದೀಪ ಹಚ್ಚುತ್ತಾರೆ ಎಂಬ ಲೆಕ್ಕಗಳೆಲ್ಲ ಆಮೇಲಿನವು.

ಕ್ವಿಯರ್ ಓದುಗರಿಗೆ ಸುಖಾಂತ ಎಂಬುದು ಬರಿಯ ರುಚಿಯ ಪ್ರಶ್ನೆಯಾಗಿರಲಿಲ್ಲ. 1952ರಲ್ಲಿ ಅಮೆರಿಕದಲ್ಲಿ ‘ಸ್ಪ್ರಿಂಗ್ ಫೈರ್’ ಎಂಬ ಕಾಗದದ ರಟ್ಟಿನ ಅಗ್ಗದ ಕಾದಂಬರಿ ಬಂತು. ಇಬ್ಬರು ಹುಡುಗಿಯರ ಪ್ರೇಮದ ಕಥೆ. ಅದು ಸುಖವಾಗಿ ಮುಗಿಯಬಾರದು ಎಂದು ಸಂಪಾದಕರೇ ಲೇಖಕಿಗೆ ಹೇಳಿದ್ದರು. ಅಂಥ ಪ್ರೇಮವನ್ನು ಮೆಚ್ಚುವಂತೆ ಕಂಡರೆ ಅಂಚೆ ಇಲಾಖೆ ಪುಸ್ತಕಗಳನ್ನು ಅಶ್ಲೀಲವೆಂದು ತಡೆಹಿಡಿಯುತ್ತದೆ ಎಂಬ ಭಯ. ಇಂಗ್ಲೆಂಡಿನಲ್ಲಿ ಇ. ಎಂ. ಫಾರ್ಸ್ಟರ್ 1913–14ರಲ್ಲಿ ಇಬ್ಬರು ಗಂಡಸರು ಜೊತೆಯಾಗಿ ಬಾಳುವ ಕಾದಂಬರಿ ಬರೆದರು. ಸುಖಾಂತ ಇರಲೇಬೇಕು ಎಂಬುದು ಅವರ ಹಟ. ಆ ಹಟದ ಫಲವಾಗಿ ಅದು ಬೆಳಕು ಕಂಡಿದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಇಷ್ಟು ವರ್ಷ ಕಾದು ಪಡೆದ ಸುಖಾಂತವಾದ್ದರಿಂದ ಕ್ವಿಯರ್ ರೊಮ್ಯಾನ್ಸ್‌ನ ಕೊನೆಯ ಅಧ್ಯಾಯವನ್ನು ‘ಸಿನಿಮೀಯ’ ಎಂದು ತಳ್ಳಿಹಾಕುವ ವಿಮರ್ಶೆಯನ್ನು ನಾನು ಒಪ್ಪಲಾರೆ.

ಆದರೆ ಬೆಲೆಯ ಪ್ರಶ್ನೆ ಇಲ್ಲಿಯೂ ಬಿಡುವುದಿಲ್ಲ. ತೀರಾ ಸಾಮಾನ್ಯವಾದ ಒಂದು ಕಥಾಬಂಧವಿದೆ: ಸಂಪ್ರದಾಯಸ್ಥ ಯಹೂದಿ ಮನೆಯ ಹುಡುಗ ಇನ್ನೊಬ್ಬ ಹುಡುಗನನ್ನು ಪ್ರೀತಿಸುತ್ತಾನೆ, ಮನೆಯವರು ಬಾಗಿಲು ಮುಚ್ಚುತ್ತಾರೆ, ಅವನು ಟೋಪಿ, ಪ್ರಾರ್ಥನೆ, ಶಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಎಲ್ಲವನ್ನೂ ಹಿಂದೆ ಬಿಟ್ಟು ಮಹಾನಗರದಲ್ಲಿ ಸ್ವತಂತ್ರನಾಗುತ್ತಾನೆ. ಇಂಥ ಬದುಕುಗಳು ಇವೆ, ಅವನ್ನು ಬರೆಯಲೇಬೇಕು. ಆದರೆ ಒಂದಾದ ಮೇಲೊಂದು ಪುಸ್ತಕ ಇದನ್ನೇ ಹೇಳಿದರೆ ಕ್ವಿಯರ್ ಆಗುವುದೆಂದರೆ ಯಹೂದಿಯಾಗಿ ಉಳಿಯದಿರುವುದು ಎಂಬ ಅರ್ಥ ತಾನಾಗಿಯೇ ಕೂತುಬಿಡುತ್ತದೆ. ವಾಸ್ತವ ಅಷ್ಟು ಸಪಾಟಾಗಿಲ್ಲ. ಅಮೆರಿಕದ ಯಹೂದಿಗಳ ಉದಾರವಾದಿ ರಿಫಾರ್ಮ್ ಪಂಥ 1990ರಲ್ಲಿ ಸಲಿಂಗಿ ರಬ್ಬಿಗಳನ್ನು, ಎಂದರೆ ಧರ್ಮಗುರುಗಳನ್ನು, ಒಪ್ಪಿಕೊಂಡಿತು. ಮಧ್ಯಮ ಮಾರ್ಗದ ಕನ್ಸರ್ವೇಟಿವ್ ಪಂಥದ ಧರ್ಮಶಾಸ್ತ್ರ ಸಮಿತಿ 2006ರಲ್ಲಿ ದಾರಿ ತೆರೆಯಿತು, 2012ರಲ್ಲಿ ಮದುವೆಯ ವಿಧಿಗಳನ್ನೂ ರೂಪಿಸಿಕೊಟ್ಟಿತು. ಸಂಪ್ರದಾಯಸ್ಥ ಆರ್ಥಡಾಕ್ಸ್ ಪಂಥ ಇಂದಿಗೂ ಇಂಥ ಮದುವೆ ಮಾಡಿಸುವುದಿಲ್ಲ. ಆದ್ದರಿಂದ ಪಾತ್ರದ ಮನೆ ಯಾವ ಪಂಥದ್ದು ಎಂದು ಲೇಖಕರಿಗೆ ಗೊತ್ತಿದೆಯೇ ಎಂಬುದನ್ನು ತೀರ್ಪುಗಾರರು ನೋಡಲೇಬೇಕು. ರಿಫಾರ್ಮ್ ಮನೆಯಲ್ಲಿ ಧರ್ಮವನ್ನೇ ಖಳನನ್ನಾಗಿ ಮಾಡಿದರೆ ಅದು ಅಜ್ಞಾನ. ಕಟ್ಟಾ ಆರ್ಥಡಾಕ್ಸ್ ತಂದೆ ಒಂದೇ ಸಂಜೆಯಲ್ಲಿ ಮಗನ ಗಂಡನನ್ನು ತಬ್ಬಿಕೊಂಡರೆ ಅದೂ ಅಜ್ಞಾನವೇ, ಸ್ವಲ್ಪ ಸಿಹಿಯಾದದ್ದು ಅಷ್ಟೇ.

ಚಾರಿತ್ರಿಕ ರೊಮ್ಯಾನ್ಸ್‌ನಲ್ಲಿ ಈ ಲೆಕ್ಕ ಇನ್ನೂ ಖಚಿತವಾಗಿ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡ್ ಈ ಪ್ರಕಾರದ ಅಚ್ಚುಮೆಚ್ಚಿನ ಕಾಲ. 1753ರ ವಿವಾಹ ಕಾನೂನು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲಿಯೇ ಮದುವೆಯಾಗಬೇಕೆಂದು ವಿಧಿಸಿ, ಯಹೂದಿಗಳಿಗೆ ಮತ್ತು ಕ್ವೇಕರರೆಂಬ ಕ್ರೈಸ್ತ ಪಂಥದವರಿಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ವಿನಾಯಿತಿ ದೊರೆಯುತ್ತಿದ್ದುದು ವಧೂವರರಿಬ್ಬರೂ ಯಹೂದಿಗಳಾಗಿದ್ದರೆ ಮಾತ್ರ. ಯಹೂದಿ ವ್ಯಾಪಾರಿಯ ಮಗಳು ಕ್ರೈಸ್ತ ಶ್ರೀಮಂತನನ್ನು ವರಿಸಬೇಕೆಂದರೆ ಅವಳು ಚರ್ಚಿನೊಳಗೆ ಹೋಗಿ ನಿಲ್ಲಬೇಕಾಗಿತ್ತು. 1837ರಲ್ಲಿ ನೋಂದಣಿ ಮದುವೆ ಜಾರಿಗೆ ಬರುವವರೆಗೆ ಇಂಗ್ಲೆಂಡಿನೊಳಗೆ ಬೇರೆ ದಾರಿಯಿರಲಿಲ್ಲ. ಇದನ್ನು ಬಲ್ಲ ಲೇಖಕಿ ಆ ಒಂದು ದೃಶ್ಯದಲ್ಲಿಯೇ ಇಡೀ ಕಾದಂಬರಿಯ ಸಂಕಟವನ್ನು ಹಿಡಿಯಬಲ್ಲಳು: ಪ್ರೀತಿಸಿದವನ ಪಕ್ಕ ನಿಂತು, ತನ್ನದಲ್ಲದ ದೇವರ ಮುಂದೆ ಮಾತು ಕೊಡುವ ಹೆಣ್ಣು. ಇದನ್ನು ತಿಳಿಯದವರು ಹೂಗುಚ್ಛ ಮತ್ತು ಮುಸುಕನ್ನು ವರ್ಣಿಸಿ ಮುಂದೆ ಹೋಗುತ್ತಾರೆ. ಬೆಲೆ ತೆತ್ತದ್ದು ಕಥೆಗೇ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ದೋಷ ಇರುವುದು ಅಲ್ಲಿ. ಪಾತ್ರ ಏನನ್ನಾದರೂ ಕಳೆದುಕೊಳ್ಳಬಹುದು, ಬದುಕಿನಲ್ಲಿ ಎಲ್ಲರೂ ಕಳೆದುಕೊಳ್ಳುತ್ತಾರೆ. ಆದರೆ ಕಳೆದುಕೊಂಡದ್ದು ನಷ್ಟ ಎಂದು ಪುಸ್ತಕಕ್ಕೆ ಅರಿವಿರಬೇಕು.

ಇದರ ತಿರುವುಮುರುವೂ ಇದೆ. ಕ್ರೈಸ್ತ ನಾಯಕ ಪ್ರೀತಿಗಾಗಿ ಕೊನೆಯ ಅಧ್ಯಾಯದಲ್ಲಿ ಯಹೂದಿಯಾಗಿಬಿಡುತ್ತಾನೆ, ಅದೂ ಎರಡು ವಾರದಲ್ಲಿ. ಯಹೂದಿಯಾಗಲು ಸಾಮಾನ್ಯವಾಗಿ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಅಧ್ಯಯನ ಮಾಡಬೇಕು, ರಬ್ಬಿಗಳ ಮಂಡಳಿಯ ಪ್ರಶ್ನೆಗಳಿಗೆ ಉತ್ತರಿಸಬೇಕು, ಮಿಕ್ವೆ ಎಂಬ ಶುದ್ಧಿಕೊಳದ ನೀರಿನಲ್ಲಿ ಮುಳುಗಿ ಏಳಬೇಕು. ಯಾವುದನ್ನೂ ಕೇಳದೆ ಕೊಟ್ಟ ಸುಖಾಂತವೂ ಆ ಧರ್ಮವನ್ನು ಹಗುರ ಮಾಡುತ್ತದೆ.

ಉಭಯಲಿಂಗ ಪ್ರೇಮಿಯಾದ ನಾಯಕಿ ಕೊನೆಗೆ ಗಂಡಸನ್ನು ಮದುವೆಯಾದರೆ ಆ ಕಾದಂಬರಿಯನ್ನು ಕ್ವಿಯರ್ ಪಟ್ಟಿಯಿಂದ ಕೈಬಿಡುವ ಅಭ್ಯಾಸವೂ ಇದೆ. ಕೊನೆಯ ಪುಟದ ಜೋಡಿಯನ್ನು ಎಣಿಸಿ ಇಡೀ ಮನುಷ್ಯಳನ್ನು ಅಳೆಯುವುದು ತೀರ್ಪುಗಾರರೇ ಅವಳಿಂದ ವಸೂಲು ಮಾಡುವ ಬೆಲೆ.

ಚಿತ್ರಪುಸ್ತಕಗಳಿಗೆ ಬಂದರೆ ಅಳತೆಗೋಲನ್ನು ಹಿಡಿಯುವ ರೀತಿಯೇ ಬದಲಾಗಬೇಕು. ಸಾಮಾನ್ಯವಾಗಿ ಮೂವತ್ತೆರಡು ಪುಟ, ಕೆಲವೇ ನೂರು ಪದ. ಓದುವವರು ದೊಡ್ಡವರು, ನೋಡುವವರು ಮಕ್ಕಳು. ಮಕ್ಕಳ ಕಣ್ಣು ಅಕ್ಷರವನ್ನು ಕಾಯುವುದಿಲ್ಲ, ಮೂಲೆಯಲ್ಲಿರುವ ಬೆಕ್ಕನ್ನೂ ಗೋಡೆಯ ಮೇಲಿನ ಪಟವನ್ನೂ ಅದು ಹೆಕ್ಕುತ್ತದೆ. ಹಾಗಾಗಿ ಇಲ್ಲಿ ಸಾಕ್ಷ್ಯ ಇರುವುದು ಚಿತ್ರದಲ್ಲಿ. ಹನುಕ್ಕಾದ ದೀಪಸ್ತಂಭಕ್ಕೆ ಒಂಬತ್ತು ಕವಲು, ಜೆರುಸಲೇಮ್ ದೇವಾಲಯದ ಮೆನೋರಾಕ್ಕೆ ಏಳು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಆ ಮನೆಯ ಮಗು ಮೊದಲ ನೋಟದಲ್ಲಿಯೇ ಹಿಡಿಯುತ್ತದೆ. ಪಾಸೋವರ್ ಹಬ್ಬದ ಊಟದ ಮೇಜಿನ ಮೇಲೆ ಉಬ್ಬಿದ ಬ್ರೆಡ್, ಕಿಟಕಿಯಾಚೆ ಕತ್ತಲಾದ ಮೇಲೆ ಶಬ್ಬತ್ ದೀಪ ಹಚ್ಚುವ ತಾಯಿ, ಎಡದಿಂದ ಬಲಕ್ಕೆ ಬರೆದ ಹೀಬ್ರೂ ಅಕ್ಷರಗಳು ಸಣ್ಣ ತಪ್ಪುಗಳಂತೆ ಕಾಣಬಹುದು. ಆದರೆ ಈ ಪುಸ್ತಕವನ್ನು ಮಾಡಿದವರು ನಿನ್ನ ಮನೆಯೊಳಗೆ ಬಂದವರಲ್ಲ ಎಂದು ಅವು ಮಗುವಿಗೆ ಹೇಳುತ್ತವೆ. ಎಲ್ಲ ಯಹೂದಿಗಳನ್ನೂ ಪೂರ್ವ ಯೂರೋಪಿನ ಬಿಳಿ ಮುಖಗಳನ್ನಾಗಿಯೇ ಚಿತ್ರಿಸುವುದೂ ಹಾಗೆಯೇ. ಯೆಮೆನ್, ಇರಾಕ್, ಮೊರಾಕ್ಕೊ, ಇಥಿಯೋಪಿಯಾ ಮೂಲದ ಯಹೂದಿ ಮಕ್ಕಳು ಆ ಪುಟಗಳಲ್ಲಿ ತಮ್ಮ ಅಜ್ಜಿಯನ್ನು ಎಲ್ಲಿ ಹುಡುಕಬೇಕು? ಇನ್ನು ವಸ್ತುವಿನ ವಿಷಯ. ನಾಜಿ ನರಮೇಧ ಮತ್ತು ಹನುಕ್ಕಾ ಇವೆರಡರ ನಡುವೆಯೇ ಯಹೂದಿ ಮಕ್ಕಳ ಪುಸ್ತಕಗಳು ಬಹುಕಾಲ ಸುತ್ತಿದವು. ಪಂಚಾಂಗದಲ್ಲಿ ಹನುಕ್ಕಾ ಸಣ್ಣ ಹಬ್ಬ. ಕ್ರಿಸ್‌ಮಸ್‌ನ ನೆರೆಯಲ್ಲಿ ಬರುವುದರಿಂದಲೇ ಅದು ದೊಡ್ಡದಾಗಿ ಕಾಣುತ್ತದೆ.

ಚಿತ್ರಪುಸ್ತಕಗಳು ವಸೂಲು ಮಾಡುವ ಬೆಲೆಯ ಅತಿ ಪರಿಚಿತ ರೂಪ ಹೀಗಿದೆ. ಬೇರೆ ಥರದ ಮಗುವೊಂದನ್ನು ಎಲ್ಲರೂ ಅಣಕಿಸುತ್ತಾರೆ. ಒಂದು ದಿನ ಆಪತ್ತು ಬರುತ್ತದೆ. ಆ ಮಗು ತನ್ನ ವಿಶೇಷ ಗುಣದಿಂದ ಎಲ್ಲರನ್ನೂ ಪಾರುಮಾಡುತ್ತದೆ. ಆಗ ಎಲ್ಲರೂ ಚಪ್ಪಾಳೆ ತಟ್ಟಿ ಜೊತೆಗೆ ಸೇರಿಸಿಕೊಳ್ಳುತ್ತಾರೆ. ಲಂಗ ತೊಡಲು ಇಷ್ಟಪಡುವ ಹುಡುಗನ ಕಥೆಯನ್ನು ಹೀಗೆ ಹೇಳಿದರೆ, ಉಪಯೋಗಕ್ಕೆ ಬಿದ್ದರೆ ಮಾತ್ರ ನಿನಗೆ ಜಾಗ ಎಂದು ನಾಲ್ಕು ವರ್ಷದ ಕಿವಿಯಲ್ಲಿ ಹೇಳಿದಂತೆ. ಅಣಕಿಸಿದವರು ಕ್ಷಮೆ ಕೇಳದೆ ಬಚಾವಾಗುತ್ತಾರೆ, ಕೆಲಸವೆಲ್ಲ ನೋವುಂಡ ಮಗುವಿನದು. ಒಳ್ಳೆಯ ಉದ್ದೇಶದ ಎಷ್ಟೋ ಪುಸ್ತಕಗಳು ಈ ಹಳ್ಳಕ್ಕೆ ಬೀಳುತ್ತವೆ.

‘ಅಂಕಲ್ ಬಾಬೀಸ್ ವೆಡ್ಡಿಂಗ್’ ಎಂಬ ಪುಸ್ತಕ ಬೀಳುವುದಿಲ್ಲ. ಕ್ಲೋಯಿ ಎಂಬ ಹುಡುಗಿಯ ಅಚ್ಚುಮೆಚ್ಚಿನ ಮಾವ ಇನ್ನೊಬ್ಬ ಗಂಡಸನ್ನು ಮದುವೆಯಾಗಲಿದ್ದಾನೆ. ಇನ್ನು ಮಾವನಿಗೆ ತನ್ನ ಜೊತೆ ಆಡಲು ಹೊತ್ತಿರುವುದಿಲ್ಲ ಎಂಬುದು ಅವಳ ಸಂಕಟ. 2008ರ ಮೊದಲ ಆವೃತ್ತಿಯಲ್ಲಿ ಇವರೆಲ್ಲ ಗಿನಿ ಪಿಗ್‌ಗಳಾಗಿದ್ದರು. 2020ರಲ್ಲಿ ಹೊಸ ಚಿತ್ರಗಳೊಂದಿಗೆ ಮನುಷ್ಯರಾದರು. ಪೆಂಗ್ವಿನ್, ಮೊಲ, ಗಿನಿ ಪಿಗ್ ಮುಂತಾದ ಪ್ರಾಣಿಗಳ ಮರೆ ಆ ಕಾಲಕ್ಕೆ ಬೇಕಾಗಿತ್ತೇನೋ, ಆದರೆ ಇಬ್ಬರು ತಂದೆಯರ ಮಗುವಿಗೆ ಪುಸ್ತಕದಲ್ಲಿ ಸಿಗುವ ಸಂಸಾರ ಸದಾ ರೋಮವುಳ್ಳದ್ದೇ ಆಗಿದ್ದರೆ ಅದೂ ಒಂದು ಬೆಲೆಯೇ.

ಇದೇ ಪುಸ್ತಕ 2025ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಓದಿಸಿಕೊಂಡಿತು. ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿಯ ಶಾಲೆಗಳು ಕ್ವಿಯರ್ ಪಾತ್ರಗಳಿರುವ ಕೆಲವು ಚಿತ್ರಪುಸ್ತಕಗಳನ್ನು ತರಗತಿಗೆ ತಂದಿದ್ದವು. ಆ ಪಾಠಗಳಿಂದ ತಮ್ಮ ಮಕ್ಕಳನ್ನು ಹೊರಗಿಡಲು ತಂದೆತಾಯಿಗಳಿಗಿದ್ದ ಅವಕಾಶವನ್ನು 2023ರಲ್ಲಿ ಹಿಂತೆಗೆದುಕೊಂಡಾಗ ಮುಸ್ಲಿಂ ಹಾಗೂ ಕ್ರೈಸ್ತ ತಂದೆತಾಯಿಗಳು ದಾವೆ ಹೂಡಿದರು. 2025ರ ಜೂನ್ 27ರಂದು ನ್ಯಾಯಾಲಯ 6–3ರ ಬಹುಮತದಿಂದ ತಂದೆತಾಯಿಗಳ ಪರ ನಿಂತು, ಮೊಕದ್ದಮೆ ಮುಗಿಯುವವರೆಗೆ ಮುಂಚಿತವಾಗಿ ತಿಳಿಸಿ ಅವರ ಮಕ್ಕಳನ್ನು ಆ ಪಾಠದಿಂದ ಹೊರಗೆ ಬಿಡಬೇಕೆಂದಿತು. ಧಾರ್ಮಿಕ ಸ್ವಾತಂತ್ರ್ಯದ ಆ ಪ್ರಶ್ನೆ ಬೇರೆ ಲೇಖನದ ವಸ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ನ್ಯಾಯಮೂರ್ತಿಗಳು ಆ ಪುಸ್ತಕಗಳನ್ನು ಓದಿದ ಬಗೆ. ಏಪ್ರಿಲ್‌ನ ವಿಚಾರಣೆಯಲ್ಲಿ ನ್ಯಾಯಮೂರ್ತಿ ಅಲಿಟೊ ಮತ್ತು ಸೋಟೊಮಯೋರ್ ಕ್ಲೋಯಿಯ ಸಂಕಟದ ಅರ್ಥವೇನೆಂದು ಅಲ್ಲಿಯೇ ಭಿನ್ನವಾದರು. ಇನ್ನೊಂದು ಪುಸ್ತಕದಲ್ಲಿ ಮಕ್ಕಳು ಹುಡುಕಬೇಕಾದ ಪದಗಳ ಪಟ್ಟಿಯಲ್ಲಿ ‘ಲೆದರ್’, ಎಂದರೆ ಹದಮಾಡಿದ ಚರ್ಮ, ಎಂದಿತ್ತು. ನ್ಯಾಯಮೂರ್ತಿ ಗೊರ್ಸಚ್ ಅದನ್ನು ಲೈಂಗಿಕ ಅರ್ಥದಲ್ಲಿ ಹಿಡಿದರು. ಚಿತ್ರದಲ್ಲಿರುವುದು ಚರ್ಮದ ಜಾಕೆಟ್ ತೊಟ್ಟ ಒಬ್ಬ ಹೆಂಗಸು. ಚಿತ್ರವನ್ನು ಬಿಟ್ಟು ಪದವನ್ನಷ್ಟೇ ಓದಿದರೆ ಚಿತ್ರಪುಸ್ತಕ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ. ಸೋಟೊಮಯೋರ್ ತಮ್ಮ ಭಿನ್ನಮತದ ತೀರ್ಪಿಗೆ ಬಾಬಿ ಮಾವನ ಇಡೀ ಪುಸ್ತಕವನ್ನೇ ಅನುಬಂಧವಾಗಿ ಸೇರಿಸಿದರು. ಸಾಹಿತ್ಯ ವಿಮರ್ಶೆಯ ದೃಷ್ಟಿಯಿಂದಲೂ ಅದು ಸರಿಯಾದ ಕ್ರಮ.

ನೇಟ್‌ನ ಕಥೆಗೆ ಮರಳುತ್ತೇನೆ. ಪೂರಿಮ್‌ಗೆ ತರಗತಿಯ ಹುಡುಗರೆಲ್ಲ ಸೂಪರ್‌ಹೀರೋ ವೇಷ ಹಾಕುತ್ತಾರೆ, ನೇಟ್‌ಗೆ ಅನ್ಯಗ್ರಹ ಜೀವಿಯಾಗುವ ಆಸೆ. ಪುಸ್ತಕದ ಸಮಸ್ಯೆ ಇಷ್ಟೇ. ಅವನು ಒಬ್ಬ ತಂದೆಯನ್ನು ಅಬ್ಬಾ ಎಂದೂ ಇನ್ನೊಬ್ಬರನ್ನು ಡ್ಯಾಡಿ ಎಂದೂ ಕರೆಯುತ್ತಾನೆ, ಅದನ್ನು ಯಾರೂ ಯಾರಿಗೂ ವಿವರಿಸುವುದಿಲ್ಲ. ಎಲ್ಲರಂತಾಗಬೇಕೋ ತಾನಾಗಿರಬೇಕೋ ಎಂಬ ಅವನ ಗೊಂದಲಕ್ಕೆ ಎಸ್ತರಳ ಕಥೆಯಿಂದಲೇ ಬೆಳಕು ಸಿಗುತ್ತದೆ. ಇಬ್ಬರು ಗಂಡಸರ ಸಂಸಾರಕ್ಕೂ ಸಾವಿರಾರು ವರ್ಷದ ಹಬ್ಬಕ್ಕೂ ಜಗಳ ಹಚ್ಚದೆ, ಹಬ್ಬದ ಒಳಗಿಂದಲೇ ಆ ಸಂಸಾರದ ಮಾತನ್ನು ಎತ್ತಿಕೊಡುವ ಈ ಜಾಣ್ಮೆ ನನಗೆ ಬಹಳ ಇಷ್ಟ. ಯಾರಿಂದಲೂ ಏನನ್ನೂ ಕಿತ್ತುಕೊಳ್ಳದ ಸುಖಾಂತ ಇದು.

ಬೆಲೆ ಕೇಳಿದ್ದು ಪುಸ್ತಕದ ಹೊರಗಿನ ಜಗತ್ತು. ಯಹೂದಿ ಮನೆಗಳಿಗೆ ಪ್ರತಿ ತಿಂಗಳು ಉಚಿತವಾಗಿ ಮಕ್ಕಳ ಪುಸ್ತಕ ಕಳುಹಿಸುವ ಪಿಜೆ ಲೈಬ್ರರಿ ಎಂಬ ಯೋಜನೆ 2014ರಲ್ಲಿ ಇದನ್ನು ಎಂದಿನಂತೆ ಎಲ್ಲರಿಗೂ ಕಳುಹಿಸದೆ, ಕೇಳಿ ಪಡೆಯುವವರಿಗೆ ಮಾತ್ರ ಕೊಟ್ಟಿತು. ಬೇರೆ ಬೇರೆ ಪಂಥಗಳ ಮನೆಗಳಿಗೆ ಹೋಗುವ ಯೋಜನೆಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕೇಳಲು ಗೊತ್ತಿರುವ ಮನೆಯ ಮಗುವಿಗಿಂತ ಕೇಳಲಾರದ ಮನೆಯ ಮಗುವಿಗೆ ಆ ಪುಸ್ತಕ ಹೆಚ್ಚು ಬೇಕಾಗಿತ್ತು.

ತೀರ್ಪು ಕೊಡುವವರ ಮಾತು ಇನ್ನೂ ಉಳಿದಿದೆ. ಯಹೂದಿ ಬದುಕಿನ ಚಿತ್ರಣಕ್ಕಾಗಿ ಮಕ್ಕಳ ಪುಸ್ತಕಗಳಿಗೆ ಕೊಡುವ ಸಿಡ್ನಿ ಟೇಲರ್ ಪ್ರಶಸ್ತಿ 1968ರಲ್ಲಿ ಆರಂಭವಾಯಿತು. ಕ್ವಿಯರ್ ಬದುಕಿನ ಪುಸ್ತಕಗಳಿಗೆ ಅಮೆರಿಕನ್ ಗ್ರಂಥಾಲಯ ಸಂಘದ ಸ್ಟೋನ್‌ವಾಲ್ ಪ್ರಶಸ್ತಿ 1971ರಿಂದ ಇದೆ, ಅದರಲ್ಲಿ ಮಕ್ಕಳ ವಿಭಾಗ ಸೇರಿದ್ದು 2010ರಲ್ಲಿ. ಎರಡು ಸಮಿತಿ, ಎರಡು ಕಣ್ಣು. ಎರಡೂ ಗುಣಗಳಿರುವ ಪುಸ್ತಕದ ಅರ್ಧ ಮಾತ್ರ ಕಾಣುವ ಅಪಾಯ ಇಬ್ಬರಿಗೂ ಇದೆ. ಶಬ್ಬತ್‌ನ ನಿಯಮಗಳಲ್ಲಿ ಒಬ್ಬರಿಗೆ ಬರಿಯ ಬಂಧನ ಕಾಣಬಹುದು, ಇಬ್ಬರು ತಾಯಂದಿರಲ್ಲಿ ಇನ್ನೊಬ್ಬರಿಗೆ ಬರಿಯ ಅಲಂಕಾರ ಕಾಣಬಹುದು. 2023ರಲ್ಲಿ ಸಾಚಾ ಲ್ಯಾಂಬ್ ಅವರ ಹದಿಹರೆಯದವರ ಕಾದಂಬರಿಯೊಂದಕ್ಕೆ ಎರಡೂ ಸಮಿತಿಗಳು ಪ್ರಶಸ್ತಿ ಕೊಟ್ಟವು. ಅದರಲ್ಲಿ ಪೂರ್ವ ಯೂರೋಪಿನ ಸಣ್ಣ ಹಳ್ಳಿಯಲ್ಲಿ ಒಬ್ಬ ದೇವದೂತ ಮತ್ತು ಒಬ್ಬ ಪಿಶಾಚಿ ಶತಮಾನಗಳಿಂದ ಜೊತೆಯಾಗಿ ಟಾಲ್ಮುಡ್ ಎಂಬ ಯಹೂದಿ ಧರ್ಮಶಾಸ್ತ್ರ ಗ್ರಂಥ ಓದುತ್ತಾರೆ. ಇಬ್ಬರು ಎದುರುಬದುರು ಕೂತು ಗ್ರಂಥದ ಮೇಲೆ ವಾದಿಸುತ್ತ ಕಲಿಯುವ ಪದ್ಧತಿ ಯಹೂದಿ ವಿದ್ಯೆಯ ಬೆನ್ನೆಲುಬು. ಲೇಖಕರು ಅದೇ ಪದ್ಧತಿಯಲ್ಲಿ ಪ್ರೇಮವನ್ನು ಕಂಡರು. ಪ್ರೀತಿಸಲು ಆ ಇಬ್ಬರೂ ಗ್ರಂಥದಿಂದ ಎದ್ದು ಹೋಗಬೇಕಾಗಿಲ್ಲ.

ರೀಟಾ ಕಥೆ ಮಾತ್ರ ಹೀಗೆ ತಿರುಗಲಿಲ್ಲ. ಮೂವತ್ತಾರು ವರ್ಷದ ಚರಿತ್ರೆಯಲ್ಲಿ ಒಬ್ಬ ಕಪ್ಪು ಲೇಖಕರಿಗೂ ಪ್ರಶಸ್ತಿ ಬಂದಿಲ್ಲ ಎಂದು 2018ರಲ್ಲಿ ಸಂಘವೇ ಒಪ್ಪಿಕೊಂಡಿತು. 2020ರಲ್ಲಿ ಪ್ರಶಸ್ತಿ ರದ್ದಾಯಿತು. ಅದರ ಜಾಗಕ್ಕೆ ಬಂದ ವಿವಿಯನ್ ಪ್ರಶಸ್ತಿಯನ್ನು ಮೊದಲ ವರ್ಷವೇ, 2021ರಲ್ಲಿ, ಅಮೆರಿಕದ ಸೇನೆ ಮೂಲನಿವಾಸಿಗಳನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡದಲ್ಲಿ ಭಾಗಿಯಾದ ಸೈನಿಕನನ್ನು ನಾಯಕನನ್ನಾಗಿಸಿದ ಕಾದಂಬರಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ಹಿಂಪಡೆಯಬೇಕಾಯಿತು. ಸತ್ತವರ ಸಮುದಾಯ ಬೇರೆ, ಕಥಾಬಂಧ ಅದೇ: ಕೊಂದವನಿಗೆ ಪ್ರೀತಿಯ ಮೂಲಕ ಬಿಡುಗಡೆ. 2015ರ ಆ ಬಹಿರಂಗ ಪತ್ರದಿಂದ ಏನನ್ನೂ ಕಲಿಯದ ಸಂಸ್ಥೆ 2024ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಕೊನೆಗೆ, ನನ್ನ ಅಳತೆಗೋಲಿಗೆ ಸಿಕ್ಕದ ಇಬ್ಬರಿದ್ದಾರೆ. ಆರ್ನಾಲ್ಡ್ ಲೋಬೆಲ್ 1970ರಿಂದ ಬರೆದ ಕಪ್ಪೆ ಮತ್ತು ನೆಲಗಪ್ಪೆಯ ಕಥೆಗಳಲ್ಲಿ ಇಬ್ಬರು ಗಂಡು ಗೆಳೆಯರು ಒಬ್ಬರನ್ನೊಬ್ಬರು ಬಿಟ್ಟಿರಲಾರರು. ಲೋಬೆಲ್ ಯಹೂದಿ. 1974ರಲ್ಲಿ ತಾವು ಸಲಿಂಗಿ ಎಂದು ಮನೆಯವರಿಗೆ ತಿಳಿಸಿದರು, 1987ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಮಾರಿಸ್ ಸೆಂಡಾಕ್ 1963ರಲ್ಲಿ ರಚಿಸಿದ ಚಿತ್ರಪುಸ್ತಕದ ಕಾಡುಮೃಗಗಳು ಬ್ರೂಕ್ಲಿನ್‌ನ ಅವರ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ, ಯಿದ್ದಿಶ್ ಮಾತನಾಡುವ ವಲಸಿಗ ನೆಂಟರಿಷ್ಟರ ರೂಪಗಳು. ಆ ಪುಟಗಳಲ್ಲಿ ಯಹೂದಿ ಎಂಬ ಮಾತಿಲ್ಲ, ಕ್ವಿಯರ್ ಎಂಬುದಂತೂ ಇಲ್ಲವೇ ಇಲ್ಲ. ಕಥೆಯ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ: ಕಾಡಿನಿಂದ ಮರಳಿದಾಗ ಅವನ ರಾತ್ರಿಯೂಟ ಇನ್ನೂ ಬಿಸಿಯಾಗಿಯೇ ಇರುತ್ತದೆ. ಸೆಂಡಾಕ್ ಸಂಗಾತಿ ಯೂಜೀನ್ ಗ್ಲಿನ್ ಜೊತೆ ಐವತ್ತು ವರ್ಷ ಬಾಳಿದರು. ಗ್ಲಿನ್ ತೀರಿಕೊಂಡ ಮರುವರ್ಷ, 2008ರಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ಅದನ್ನು ಪತ್ರಿಕೆಯೊಂದಕ್ಕೆ ಮೊದಲ ಬಾರಿ ಹೇಳಿದರು. ತಂದೆತಾಯಿಗೆ ಮಾತ್ರ ಅದು ಅವರು ಸಾಯುವವರೆಗೂ ತಿಳಿದಿರಲಿಲ್ಲ.